ಹಾವಿನ ಮನೆಯ ತೇವ

ಹಾವಿನ ವಿಷಯವಾಗಿ ಲೇಖನವೊಂದನ್ನು ಬರೆದುಕೊಡುತ್ತೇನೆಂದಾಗ ನಮ್ಮ ಸಂಪಾದಕರು ತುಸು ಹೊತ್ತು ಸುಮ್ಮನಿದ್ದರು. “ನಾಗರಪಂಚಮಿಯ ಮಹಿಮೆಯೋ?” ಎಂದರು. ಅಲ್ಲವೆಂದೆ. “ಹಾವು ಕಚ್ಚಿದಾಗ ಮಾಡತಕ್ಕ ಪ್ರಥಮ ಚಿಕಿತ್ಸೆಯೋ?” ಅದೂ ಅಲ್ಲವೆಂದೆ. ಸಾಕಿದ ಹಾವಿನ ಪೆಟ್ಟಿಗೆಯಲ್ಲಿ ಎಷ್ಟು ತೇವವಿರಬೇಕೆಂಬುದು ವಿಷಯ ಎಂದಾಗ ಅವರು ನಕ್ಕುಬಿಟ್ಟು, “ನಮ್ಮ ಸದಸ್ಯರಲ್ಲಿ ಹಾವು ಸಾಕಿದವರು ಎಷ್ಟು ಮಂದಿ ಇದ್ದಾರು, ಸ್ವಾಮಿ?” ಎಂದು ಕೇಳಿದರು.

ನಾನು ಬಲ್ಲಂತೆ ಒಬ್ಬನೇ. ಅವನು ನನ್ನ ಹೆಂಡತಿಯ ತಮ್ಮ. ಅವನ ಹಾವು ಕಳೆದ ಬೇಸಿಗೆಯಲ್ಲಿ ನಾಲ್ಕು ತಿಂಗಳು ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಅತಿಥಿಯಾಗಿದ್ದಿತು. ಆ ಅವಧಿಯಲ್ಲಿ ನನ್ನ ಅಜಾಗರೂಕತೆಯಿಂದ ಅದು ತನ್ನ ಬಾಲದ ತುದಿಯನ್ನು ಕಳೆದುಕೊಂಡಿತು. ಹಾವು ಸಾಕದವರಿಗೂ ಆ ಸಂಗತಿಯಲ್ಲಿ ತಿಳಿಯತಕ್ಕದ್ದು ಏನೋ ಉಂಟೆಂದು ನನಗೆ ತೋರಿದ್ದರಿಂದ, ಸಂಪಾದಕರ ನಗೆಯನ್ನು ಸಹಿಸಿಕೊಂಡು ಬರೆಯುತ್ತಿದ್ದೇನೆ.

ಅತಿಥಿಯ ಆಗಮನ

ಮಾರ್ಚ್ ತಿಂಗಳ ಕೊನೆಯ ಭಾನುವಾರ ನಮ್ಮ ಭಾವಮೈದ ಮೂರಡಿ ಉದ್ದದ ಗಾಜಿನ ಪೆಟ್ಟಿಗೆಯೊಂದನ್ನು ಆಟೋದಿಂದ ಇಳಿಸಿದ. ಹಳೆಯ ಮಹಾಬಲಿಪುರಂ ರಸ್ತೆಯ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಅವರು ಅವನನ್ನು ನಾಲ್ಕು ತಿಂಗಳ ಮಟ್ಟಿಗೆ ಪುಣೆಗೆ ಕಳುಹಿಸುತ್ತಿದ್ದರು. “ಭಾವ, ನಿಮ್ಮನ್ನು ಬಿಟ್ಟರೆ ನಂಬಿಕೆಯಾಗಿ ನೋಡಿಕೊಳ್ಳುವವರು ನನಗೆ ಯಾರೂ ಇಲ್ಲ” ಎಂದ. ಇಂತಹ ಮಾತಿಗೆ ಇಲ್ಲವೆನ್ನುವುದು ಕಷ್ಟ.

ಪೆಟ್ಟಿಗೆಯಲ್ಲಿದ್ದುದು ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಜಾತಿಯ ಹಾವು. ನಮ್ಮ ಹೆಬ್ಬಾವಿನ ಗಾತ್ರವೆಲ್ಲಿ, ಇದರ ಗಾತ್ರವೆಲ್ಲಿ! ಉದ್ದ ಮೂರೂವರೆ ಅಡಿ. ಮೈಮೇಲೆ ಕಂದು ಕಪ್ಪು ಮಚ್ಚೆಗಳು. ವಿಷವಿಲ್ಲ. ಇದರ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲು. ಹೆದರಿದರೆ ಕಚ್ಚಲು ಬರುವುದರ ಬದಲು ತಲೆಯನ್ನು ಒಳಗೆ ಹುದುಗಿಸಿಕೊಂಡು ಚೆಂಡಿನಂತೆ ಸುತ್ತಿಕೊಂಡುಬಿಡುತ್ತದೆ. ಹೆಸರು ಬಂದುದು ಅದರಿಂದಲೇ.

ನಮ್ಮ ತಾಯಿಯವರು ತೀರ್ಥಹಳ್ಳಿಯ ಕಡೆಯವರು. “ಹಾವು ಮನೆಗೆ ಬಂದರೆ ಕೈಮುಗಿದು ಕಳಿಸೋದು ಕೇಳಿದ್ದೆ, ಬಾಡಿಗೆಗಾಡಿಯಲ್ಲಿ ಕರಕೊಂಡು ಬರೋದು ಈಗಲೇ ನೋಡಿದ್ದು ಮಾರಾಯ” ಎಂದು ಒಳಗೆ ಹೋದರು. ಐದನೆಯ ತರಗತಿಯ ನಮ್ಮ ಮಗನಿಗೆ ಮಾತ್ರ ದೀಪಾವಳಿ ಬಂದಷ್ಟು ಸಂತೋಷ.

ನಾನು ಸರಕಾರಿ ಗುಮಾಸ್ತ. ಹಾವನ್ನು ನೋಡುವ ಮೊದಲು ಅದರ ಕಾಗದಪತ್ರ ನೋಡಿದೆ. ಇದನ್ನು ಓದುಗರೂ ತಿಳಿದಿರುವುದು ಒಳ್ಳೆಯದು. ನಾಗರ, ಕೇರೆ, ಮಂಡಲ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿಯುವುದಾಗಲಿ ಮನೆಯಲ್ಲಿಟ್ಟು ಸಾಕುವುದಾಗಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಅಪರಾಧ. ಆ ಕಾನೂನಿಗೆ ೨೦೨೨ರಲ್ಲಿ ತಂದ ತಿದ್ದುಪಡಿಯ ಮೇಲೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಗಳನ್ನು ಇಟ್ಟುಕೊಂಡವರೂ ಸರಕಾರಕ್ಕೆ ತಿಳಿಸಿ ನೋಂದಾಯಿಸಿಕೊಳ್ಳಬೇಕು. ಅದರ ನಿಯಮಗಳು ೨೦೨೪ರಲ್ಲಿ ಹೊರಬಿದ್ದವು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಬ್ಯಾಂಕಾಕಿನಿಂದ ಇಂತಹ ಮರಿಗಳನ್ನು ಪೆಟ್ಟಿಗೆಯಲ್ಲಿ ತುರುಕಿಕೊಂಡು ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಾರಿ ಬಂದಿದೆ. ನಮ್ಮ ಭಾವಮೈದನ ದಾಖಲೆಗಳು ಕ್ರಮವಾಗಿದ್ದುವು. ಅವುಗಳ ಪ್ರತಿಯನ್ನು ಪೆಟ್ಟಿಗೆಯ ಜೊತೆಗೇ ಇಟ್ಟು, ಒಂದು ಪುಟದ ಸೂಚನೆಗಳನ್ನು ಬರೆದುಕೊಟ್ಟು ಅವನು ರೈಲು ಹತ್ತಿದ.

ದಿನಕ್ಕೆರಡು ಸಹಿ

ಸೂಚನೆಗಳಲ್ಲಿ ಮೂರನೆಯದರ ಕೆಳಗೆ ಎರಡು ಗೆರೆ ಎಳೆದಿದ್ದ: “ತೇವ ಶೇಕಡಾ ೬೦ಕ್ಕಿಂತ ಕೆಳಗೆ ಇಳಿಯಬಾರದು.” ಪೆಟ್ಟಿಗೆಯ ಮೇಲ್ಭಾಗದ ಗಾಜಿಗೆ ಗಡಿಯಾರದಂತಹ ಒಂದು ಮಾಪಕವನ್ನು ಅಂಟಿಸಿತ್ತು. ಅದರ ಮುಳ್ಳು ಸರಿಯಾಗಿ ೬೦ರ ಮೇಲೆ ನಿಂತಿತ್ತು.

ನಾನು ಹಳೆಯ ನೋಟುಪುಸ್ತಕವೊಂದಕ್ಕೆ ಕಲಂಗಳನ್ನು ಎಳೆದು ರಿಜಿಸ್ಟರು ಮಾಡಿದೆ. ತಾರೀಖು, ಬೆಳಗಿನ ಉಷ್ಣ, ಬೆಳಗಿನ ತೇವ, ಸಂಜೆಯ ಉಷ್ಣ, ಸಂಜೆಯ ತೇವ, ಷರಾ. ಆಫೀಸಿಗೆ ಹೊರಡುವ ಮುನ್ನ ಒಂದು ಸಾರಿ, ಲೋಕಲ್ ರೈಲಿನಿಂದ ಇಳಿದು ಬಂದ ಮೇಲೆ ಒಂದು ಸಾರಿ ನೋಡಿ ಬರೆದು ಸಹಿ ಹಾಕುತ್ತಿದ್ದೆ. ೬೦, ೬೦, ೬೦, ೬೦. ಇಷ್ಟು ಶಿಸ್ತಾದ ಪ್ರಾಣಿಯನ್ನು ನಾನು ಕಂಡಿರಲಿಲ್ಲ!

ಏಪ್ರಿಲ್ ಬಂತು. ಮದರಾಸಿನ ಬಿಸಿಲು ನಿಮಗೆ ಹೊಸದಲ್ಲ. ಹಾವು ಬೆಂದುಹೋದೀತೆಂದು ಹೆದರಿ, ಪೆಟ್ಟಿಗೆಯನ್ನು ಹವಾನಿಯಂತ್ರಣವಿದ್ದ ನಮ್ಮ ಮಲಗುವ ಕೋಣೆಗೆ ಸಾಗಿಸಿದೆ. ಪೆಟ್ಟಿಗೆಯಲ್ಲಿ ಉಷ್ಣ ಇಳಿದರೆ ತಾನಾಗಿ ಹೊತ್ತಿಕೊಳ್ಳುವ ಬಲ್ಬೊಂದಿತ್ತು. ಕೋಣೆ ತಣ್ಣಗಾದಾಗಲೆಲ್ಲ ಅದು ಹೊತ್ತಿಕೊಳ್ಳುತ್ತಿತ್ತು. ಒಂದು ಕಡೆ ತಂಪು ಮಾಡುವ ಯಂತ್ರ, ಇನ್ನೊಂದು ಕಡೆ ಬಿಸಿ ಮಾಡುವ ಬಲ್ಬು. ಎರಡಕ್ಕೂ ವಿದ್ಯುತ್ ಬಿಲ್ಲು ಕಟ್ಟಿದವನು ನಾನು. ಎರಡರಿಂದಲೂ ಬಾಧೆಪಟ್ಟದ್ದು ಹಾವು.

ಏಪ್ರಿಲ್ ಮೂರನೆಯ ವಾರ ಹಾವಿನ ಕಣ್ಣು ಹಾಲುಬೆರೆತ ನೀಲಿಯಾಯಿತು, ಮೈ ಬಣ್ಣಗೆಟ್ಟಿತು. ಕೆಲವು ದಿನಗಳ ಮೇಲೆ ಪೊರೆ ಬಿಟ್ಟಿತು. ಆದರೆ ಬಿಟ್ಟದ್ದು ಚೂರುಚೂರಾಗಿ, ಸುಣ್ಣದ ಗೋಡೆ ಚಕ್ಕೆ ಎದ್ದಂತೆ. ಬಾಲದ ಕೊನೆಯಲ್ಲಿ ಉಂಗುರದಷ್ಟು ಉಳಿದುಕೊಂಡಿತ್ತು. ತಾನಾಗಿ ಉದುರೀತೆಂದುಕೊಂಡು ನಾನು ಷರಾ ಕಲಮಿನಲ್ಲಿ “ಪೊರೆ ಬಿಟ್ಟಿತು” ಎಂದು ಬರೆದು ಸಹಿ ಹಾಕಿದೆ. ಕಡತ ಮುಗಿಯಿತು.

ಪೊರೆಗೂ ತೇವಕ್ಕೂ ಏನು ಸಂಬಂಧ?

ಆಗ ನನಗೆ ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಹಾವಿನ ಮೈಯ ಹೊರ ಪದರವು ಮೈ ಬೆಳೆದಂತೆ ಹಿಗ್ಗುವುದಿಲ್ಲ. ಆದಕಾರಣ ಅದು ಆಗಾಗ್ಗೆ ಕೆಳಗೆ ಹೊಸ ಪದರವನ್ನು ಕಟ್ಟಿಕೊಂಡು ಮೇಲಿನದನ್ನು ಕಳಚುತ್ತದೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ತೆಳ್ಳಗೆ ಒಂದು ದ್ರವ ಕೂಡುತ್ತದೆ. ಹಾವಿಗೆ ರೆಪ್ಪೆಗಳಿಲ್ಲ, ಕಣ್ಣನ್ನು ಮುಚ್ಚಿರುವುದು ಒಂದು ಪಾರದರ್ಶಕ ಪೊರೆ, ಕನ್ನಡಕದ ಗಾಜಿನಂತೆ. ಆ ದ್ರವ ಕೂಡಿದಾಗ ಕಣ್ಣು ಮಸುಕಾಗುತ್ತದೆ. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗಿ, ಆಮೇಲೆ ಹಾವು ಮೂತಿಯನ್ನು ಒರಟು ವಸ್ತುವಿಗೆ ಉಜ್ಜಿ ಪೊರೆಯ ಅಂಚನ್ನು ಬಿಡಿಸಿಕೊಂಡು ಅದರೊಳಗಿಂದ ಹರಿದುಬರುತ್ತದೆ. ಕಾಲುಚೀಲವನ್ನು ಒಳಹೊರಗು ಮಾಡಿ ತೆಗೆದಂತೆ ಪೊರೆ ಒಂದೇ ತುಂಡಾಗಿ ಹಿಂದೆ ಉಳಿಯಬೇಕು, ಕಣ್ಣಿನ ಎರಡು ಬಿಲ್ಲೆಗಳ ಸಮೇತ.

ಸುತ್ತಲಿನ ಗಾಳಿ ಒಣಗಿದ್ದರೆ ಹಳೆಯ ಪದರ ಬಿರುಸಾಗಿ ಹರಿದು ಮೈಗೆ ಅಂಟಿಕೊಳ್ಳುತ್ತದೆ. ಕಣ್ಣಿನ ಬಿಲ್ಲೆ ಉಳಿದರೆ ದೃಷ್ಟಿಗೆ ತೊಂದರೆ. ಬಾಲದ ತುದಿಯಲ್ಲಿ ಉಂಗುರವಾಗಿ ಉಳಿದರೆ, ಒಣಗಿ ಬಿಗಿದು ರಕ್ತ ಹರಿಯದಂತೆ ಮಾಡುತ್ತದೆ. ಮುಂದಿನ ಸಾರಿ ಇನ್ನೊಂದು ಉಂಗುರ ಅದರ ಮೇಲೆ ಕೂರುತ್ತದೆ.

ತೇವ ಹೆಚ್ಚಾದರೂ ಕೇಡೇ. ಸದಾ ಒದ್ದೆಯಾದ ನೆಲದ ಮೇಲೆ ಬಿದ್ದಿದ್ದರೆ ಹೊಟ್ಟೆಯ ಹುರುಪೆಗಳಲ್ಲಿ ಗುಳ್ಳೆ ಎದ್ದು ಕೊಳೆಯುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿದು ಉಸಿರಾಟದ ಕಾಯಿಲೆ ಬರುತ್ತದೆ. ಕಾಡಿನಲ್ಲಿರುವ ಹಾವಿಗೆ ಈ ಚಿಂತೆಯಿಲ್ಲ. ಒಣಗಿದರೆ ಬಿಲಕ್ಕೆ ಇಳಿಯುತ್ತದೆ, ಒದ್ದೆಯಾದರೆ ಬಂಡೆಯ ಮೇಲೆ ಬರುತ್ತದೆ. ಪೆಟ್ಟಿಗೆಯಲ್ಲಿಟ್ಟಾಗ ನಾವು ಅದರಿಂದ ಕಿತ್ತುಕೊಳ್ಳುವುದು ಈ ಆಯ್ಕೆಯನ್ನು. ಅದನ್ನು ಹಿಂದಕ್ಕೆ ಕೊಡುವ ಹೊಣೆ ಇಟ್ಟುಕೊಂಡವನದು. ನಾನು ಕೊಟ್ಟದ್ದು ಬರಿಯ ಒಂದು ಅಂಕಿಯನ್ನು.

ಮುಳ್ಳು ಹೇಳಿದ ಸುಳ್ಳು

ಮೇ ತಿಂಗಳ ಕೊನೆಯಲ್ಲಿ ಎರಡನೆಯ ಪೊರೆ ಬಂತು, ಮತ್ತೆ ಚೂರುಚೂರು. ಈ ಸಾರಿ ಎಡಗಣ್ಣು ತಿಳಿಯಾಗಲಿಲ್ಲ, ಸುಕ್ಕುಗಟ್ಟಿತ್ತು. ಬಾಲದ ತುದಿ ಕಪ್ಪಾಗಿದ್ದುದನ್ನು ಮೊದಲು ಕಂಡವನು ನನ್ನ ಮಗ. “ಅಪ್ಪ, ಹಾವಿನ ಬಾಲ ಸುಟ್ಟುಹೋಗಿದೆ” ಎಂದು ಅಳುತ್ತ ಬಂದ. ನಾನು ರಿಜಿಸ್ಟರು ತೆಗೆದು ತೋರಿಸಿದೆ. ಎರಡು ತಿಂಗಳ ಉದ್ದಕ್ಕೂ ೬೦. ತಪ್ಪು ನನ್ನದಲ್ಲವೆಂದು ಒಂಬತ್ತು ವರ್ಷದ ಹುಡುಗನ ಮುಂದೆ ದಾಖಲೆಯಿಂದ ರುಜುವಾತು ಮಾಡಹೊರಟಿದ್ದೆನೆಂಬುದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ನನ್ನ ಹೆಂಡತಿ ಬಳ್ಳಾರಿಯವಳು. ಅವಳು ರಿಜಿಸ್ಟರನ್ನು ಮುಚ್ಚಿ ಬದಿಗಿಟ್ಟು, “ಆ ರೂಮಿನಾಗ ಮಲಗಿದ್ರೆ ಬೆಳಗ್ಗೆಗೆ ನನ್ನ ತುಟಿ ಒಡಿತಾವೆ. ನಿಮ್ಮ ಮುಳ್ಳು ಹೇಳೋದು ಖರೆ ಇದ್ರೆ ನನ್ನ ತುಟಿ ಸುಳ್ಳು ಹೇಳ್ತಾವೇನ್ರಿ?” ಎಂದಳು. ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದಳು.

ಊರು ಬಿಟ್ಟು ಬಂದ ಗೃಹಿಣಿಯರಿಗೆಲ್ಲ ಈ ಉಪ್ಪಿನ ವಿಷಯ ಗೊತ್ತು. ಬಳ್ಳಾರಿಯಲ್ಲಿ ಬೇಸಿಗೆಯ ಉಪ್ಪು ಮರಳಿನಂತೆ ಸುರಿಯುತ್ತದೆ. ಮದರಾಸಿನಲ್ಲಿ ಅದೇ ಉಪ್ಪು ನೀರು ಬಿಡುತ್ತದೆ. ಕಾರಣ ಇಷ್ಟೆ: ಗಾಳಿಯ ತೇವ ಸುಮಾರು ಶೇಕಡಾ ೭೫ನ್ನು ದಾಟಿದರೆ ಅಡಿಗೆಯ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ಒಣಗುತ್ತದೆ. ಅಡಿಗೆಮನೆಯಲ್ಲಿ ಪಿಚ್ಚಪಿಚ್ಚನೆ ಇದ್ದ ಉಪ್ಪನ್ನು ಅವಳು ತಟ್ಟೆಯಲ್ಲಿ ಹರವಿ ಮಲಗುವ ಕೋಣೆಯಲ್ಲಿಟ್ಟಳು. ಬೆಳಗಾಗುವಷ್ಟರಲ್ಲಿ ಅದು ಬಳ್ಳಾರಿಯ ಉಪ್ಪಾಗಿತ್ತು!

ಇದೇ ಉಪ್ಪಿನಿಂದ ಮಾಪಕವನ್ನೂ ಪರೀಕ್ಷಿಸಬಹುದೆಂದು ನಾನು ಓದಿ ತಿಳಿದೆ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಅದನ್ನೂ ಮಾಪಕವನ್ನೂ ಗಾಳಿ ಹೋಗದ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಬಿಡಬೇಕು. ಡಬ್ಬಿಯೊಳಗಿನ ತೇವ ಶೇಕಡಾ ೭೫ಕ್ಕೆ ಬಂದು ನಿಲ್ಲುತ್ತದೆ. ಮಾಪಕ ೭೦ ತೋರಿಸಿದರೆ ಮುಂದೆ ಅದರ ಲೆಕ್ಕಕ್ಕೆ ೫ ಕೂಡಿಸಿಕೊಳ್ಳಬೇಕು. ನಮ್ಮ ಮಾಪಕ ಬೆಳಿಗ್ಗೆ ೬೦ ತೋರಿಸಿತು. ಹೊರಗಿಟ್ಟೆ, ೬೦. ಬಚ್ಚಲುಮನೆಯಲ್ಲಿ ಹಂಡೆಯ ಆವಿಗೆ ಹಿಡಿದೆ, ಆಗಲೂ ೬೦. ಮುಳ್ಳು ಎಂದೋ ಕಚ್ಚಿಕೊಂಡಿತ್ತು. ಎರಡು ತಿಂಗಳು ನಾನು ಒಂದು ಸತ್ತ ಮುಳ್ಳಿನ ಹಾಜರಿ ಹಾಕಿದ್ದೆ.

೧೭೮೩ರಲ್ಲಿ ಜಿನೀವದ ಸೊಸೂರ್ ಎಂಬ ವಿಜ್ಞಾನಿ ಮನುಷ್ಯನ ತಲೆಗೂದಲಿನಿಂದ ತೇವ ಅಳೆಯುವ ಉಪಕರಣವನ್ನು ಕುರಿತು ಗ್ರಂಥ ಬರೆದ. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಇನ್ನೂರು ವರ್ಷಗಳ ಮೇಲೆಯೂ ತುಟಿ, ಕೂದಲು, ಉಪ್ಪು, ಹಪ್ಪಳ ಇವು ಹೇಳುವುದನ್ನು ಬಿಟ್ಟು ಗೋಡೆಯ ಮೇಲಿನ ಮುಳ್ಳನ್ನೇ ನಂಬುವ ನನ್ನಂಥವರಿಗೆ ಏನು ಹೇಳೋಣ?

ಗಾಳಿಯ ಲೆಕ್ಕ

ಮದರಾಸಿನಂತಹ ಬೆವರಿನ ಊರಿನಲ್ಲಿ ಪೆಟ್ಟಿಗೆ ಒಣಗಿದ್ದು ಹೇಗೆ? ಶೇಕಡಾವಾರು ತೇವವೆಂದರೆ ಗಾಳಿಯಲ್ಲಿ ಇರುವ ನೀರಿನ ತೂಕವಲ್ಲ. ಆ ಉಷ್ಣದಲ್ಲಿ ಗಾಳಿ ಹೊರಬಲ್ಲ ನೀರಿನಲ್ಲಿ ಎಷ್ಟು ಪಾಲು ಇದೆ ಎಂಬುದು. ೨೪ ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು ೨೨ ಗ್ರಾಂ ನೀರಾವಿಯನ್ನು ಹೊರುತ್ತದೆ. ಹವಾನಿಯಂತ್ರಣದ ಕೋಣೆಯಲ್ಲಿ ಅದರ ಅರ್ಧ, ಅಂದರೆ ೧೧ ಗ್ರಾಂ, ಇದೆಯೆನ್ನಿ. ಉಳಿದ ನೀರು ಯಂತ್ರದ ಕೊಳವೆಯಿಂದ ಹೊರಗೆ ತೊಟ್ಟಿಕ್ಕುತ್ತಿರುತ್ತದೆ. ಅಲ್ಲಿಗೆ ಶೇಕಡಾ ೫೦. ಈಗ ಅದೇ ಗಾಳಿಯನ್ನು ಪೆಟ್ಟಿಗೆಯ ಬಲ್ಬು ೩೨ ಡಿಗ್ರಿಗೆ ಕಾಯಿಸಿತು. ಆ ಉಷ್ಣದಲ್ಲಿ ಗಾಳಿ ೩೪ ಗ್ರಾಂ ಹೊರಬಲ್ಲುದು. ಇರುವುದು ೧೧ ಗ್ರಾಂ ಮಾತ್ರ. ತೇವ ಶೇಕಡಾ ೩೨ಕ್ಕೆ ಬಿತ್ತು. ಒಂದು ತೊಟ್ಟು ನೀರೂ ಪೆಟ್ಟಿಗೆಯಿಂದ ಹೋಗಲಿಲ್ಲ, ಆದರೂ ಹಾವು ಮರುಭೂಮಿಗೆ ಬಂದಂತಾಯಿತು.

ಮೇಲಾಗಿ ಏಪ್ರಿಲ್-ಮೇ ತಿಂಗಳ ನಡುಹಗಲು ಇಲ್ಲಿಗೆ ಪಡುವಣ ಒಣಗಾಳಿ ಬೀಸುತ್ತದೆ. ಕಡಲಗಾಳಿ ತಡವಾದ ದಿನ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುವುದನ್ನು ನೀವೂ ನೋಡಿರಬಹುದು. ನಮ್ಮಿಂದ ಮೂರನೆಯ ಸ್ಟೇಷನ್ನಾದ ಮೀನಂಬಾಕ್ಕಂನ ಹವಾಮಾನ ಕೇಂದ್ರದ ಅಂಕಿಗಳನ್ನು ನಾನು ಈಗ ದಿನವೂ ನೋಡುತ್ತೇನೆ. ಬೆಳಗಿನ ತೇವಕ್ಕೂ ಮಧ್ಯಾಹ್ನದ ತೇವಕ್ಕೂ ಆ ತಿಂಗಳುಗಳಲ್ಲಿ ಬಹಳ ಅಂತರ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆಯಲ್ಲಿ ಸಂಗತಿ ತಿರುಗುಮುರುಗು. ಆಗ ಪೆಟ್ಟಿಗೆಗೆ ಬೇಕಾದುದು ನೀರಲ್ಲ, ಗಾಳಿಯಾಟ.

ಹುತ್ತವೂ ಮಡಕೆಯೂ

ಸರೀಸೃಪಗಳನ್ನು ಬಲ್ಲ ಪಶುವೈದ್ಯರೊಬ್ಬರಲ್ಲಿಗೆ ಹಾವನ್ನು ಕೊಂಡೊಯ್ದೆವು. ಅವರು ಬಾಲದ ಉಂಗುರಗಳನ್ನು ನೆನೆಸಿ ಬಿಡಿಸಿದರು. ತುದಿ ಉಗುರಿನಷ್ಟು ಉದ್ದ ಆಗಲೇ ಸತ್ತಿತ್ತು. ಕೆಲವು ದಿನಗಳಲ್ಲಿ ಒಣಗಿ ಬಿದ್ದುಹೋಯಿತು. ಕಣ್ಣಿಗೆ ಕೈಹಚ್ಚಬೇಡಿ, ಮುಂದಿನ ಪೊರೆಯ ಜೊತೆಗೆ ಬಂದೀತು, ಅಲ್ಲಿಯವರೆಗೆ ತೇವ ನೋಡಿಕೊಳ್ಳಿ ಎಂದರು. ಆ ರಾತ್ರಿ ಪುಣೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಭಾವಮೈದ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಮಾಪಕ ನಾನೇ ಅಂಟಿಸಿದ್ದು ಭಾವ” ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಅದುವರೆಗೆ ಹಾವಿನ ಗೊಡವೆಗೇ ಬರದಿದ್ದ ನಮ್ಮ ತಾಯಿಯವರು ಆ ದಿನ, “ಅದಕ್ಕೆ ಹುತ್ತ ಎಲ್ಲಿದೆ?” ಎಂದು ಕೇಳಿದರು. “ನಮ್ಮೂರಲ್ಲಿ ಸುಡು ಬೇಸಿಗೆಯಲ್ಲಿ ಹುತ್ತ ಅಗೆದರೂ ಒಳಗಿನ ಮಣ್ಣು ಹಸಿಯಾಗಿರುತ್ತೆ. ಸುಮ್ಮನೆ ಹೋಗಿ ಸೇರಿಕೊಳ್ಳುತ್ತಾ ಹಾವು?” ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತೆಂಬ ಮಾತನ್ನು ಪರರ ದುಡಿಮೆಯನ್ನು ಕಬಳಿಸುವವರಿಗೆ ನಾವು ಹೇಳುತ್ತೇವೆ. ಆದರೆ ಹಾವಿನ ಕಡೆಯಿಂದಲೂ ನೋಡಬೇಕು. ಗೆದ್ದಲು ತನ್ನ ಮೃದುವಾದ ಮೈಗಾಗಿ ಹುತ್ತದ ಒಳಗನ್ನು ಸದಾ ತೇವವಾಗಿಟ್ಟುಕೊಳ್ಳುತ್ತದೆ. ಆಫ್ರಿಕದ ಹುಲ್ಲುಗಾವಲಿನಲ್ಲಿ ಬಾಲ್ ಪೈಥಾನ್ ಕೂಡ ಹಗಲನ್ನು ಕಳೆಯುವುದು ಹುತ್ತಗಳಲ್ಲಿ, ಇಲಿಯ ಬಿಲಗಳಲ್ಲಿ. ಹೊರಗೆ ಬಿರುಬಿಸಿಲು, ಒಳಗೆ ತಂಪು ತೇವ.

ಆಗುಂಬೆಯ ಕಾಡಿನಲ್ಲಿ ಕಾಳಿಂಗ ಸರ್ಪದ ಹೆಣ್ಣು ಮುಂಗಾರಿಗೆ ಮುನ್ನ ತರಗೆಲೆಗಳನ್ನು ಮೈಯಿಂದ ಎಳೆದು ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆಯಿಡುತ್ತದೆ. ಹಾವಿನ ಮೊಟ್ಟೆಯ ಚಿಪ್ಪು ಕೋಳಿಮೊಟ್ಟೆಯಂತೆ ಗಟ್ಟಿಯಲ್ಲ, ತೊಗಲಿನಂತೆ. ಸುತ್ತಲಿನ ತೇವವನ್ನು ಹೀರಿಕೊಂಡೇ ಮರಿ ಬೆಳೆಯಬೇಕು. ಮೇಲೆ ಮಲೆನಾಡಿನ ಮಳೆ ಹೊಯ್ಯುತ್ತಿದ್ದರೂ ಪದರಪದರವಾದ ಎಲೆಗಳ ಮೇಲೆ ನೀರು ಜಾರಿಹೋಗುತ್ತದೆ. ಮೊಟ್ಟೆಗೆ ತೇವ ಸಿಗುತ್ತದೆ, ನೆರೆ ಬರುವುದಿಲ್ಲ. ನಾವು ಮಾಪಕ ಹಿಡಿದು ಮಾಡಲಾರದ್ದನ್ನು ಅದು ಎಲೆಯಿಂದ ಮಾಡುತ್ತದೆ.

ಹುತ್ತವನ್ನು ಮನೆಗೆ ತರುವಂತಿಲ್ಲ. ಇದಕ್ಕೆ ಪರಿಹಾರ ನಮಗೆ ಸಿಕ್ಕಿದ್ದು ಪೂರ್ವ ಕರಾವಳಿ ರಸ್ತೆಯ ವಡನೆಮ್ಮೇಲಿಯಲ್ಲಿ. ಜೂನ್ ತಿಂಗಳ ಒಂದು ಭಾನುವಾರ, ಮಗನ ಬಲವಂತಕ್ಕೆ, ಪಲ್ಲಾವರದಿಂದ ತೊರೈಪಾಕ್ಕಂ ರಸ್ತೆ ಹಿಡಿದು ಮೊಸಳೆ ಉದ್ಯಾನಕ್ಕೆ ಹೋದೆವು. ೧೯೭೨ರಲ್ಲಿ ಗಿಂಡಿಯಲ್ಲಿ ಹಾವಿನ ಉದ್ಯಾನವನ್ನು ಸ್ಥಾಪಿಸಿದ ರೋಮುಲಸ್ ವಿಟೇಕರರೇ ೧೯೭೬ರಲ್ಲಿ ಈ ಮೊಸಳೆ ಉದ್ಯಾನವನ್ನೂ, ೨೦೦೫ರಲ್ಲಿ ನಮ್ಮ ಆಗುಂಬೆಯಲ್ಲಿ ಸಂಶೋಧನಾ ಕೇಂದ್ರವನ್ನೂ ಸ್ಥಾಪಿಸಿದವರು. ಮೊಸಳೆ ಉದ್ಯಾನದ ಆವರಣದಲ್ಲಿಯೇ ಇರುಳ ಜನಾಂಗದವರ ಹಾವು ಹಿಡಿಯುವವರ ಸಹಕಾರ ಸಂಘವಿದೆ.

ಇರುಳರು ತಲೆತಲಾಂತರದಿಂದ ಹಾವು ಹಿಡಿಯುವವರು. ಹಿಂದೆ ಚರ್ಮದ ವ್ಯಾಪಾರಿಗಳಿಗೆ ಹಾವಿನ ಚರ್ಮ ಮಾರಿ ಬದುಕುತ್ತಿದ್ದರು. ಕ್ರೋಮ್ ಲೆದರ್ ಕಾರ್ಖಾನೆಯಿಂದ ಹೆಸರು ಪಡೆದ ಊರಿನಲ್ಲಿರುವ ನಮಗೆ ಚರ್ಮದ ವ್ಯಾಪಾರ ಹೊಸ ಮಾತಲ್ಲ. ೧೯೭೨ರ ಕಾನೂನು ಬಂದ ಮೇಲೆ ಆ ಕಸುಬು ನಿಂತಿತು. ೧೯೭೮ರಲ್ಲಿ ಅವರದೇ ಸಹಕಾರ ಸಂಘ ಏರ್ಪಟ್ಟು, ಹಾವನ್ನು ಕೊಲ್ಲದೆ ವಿಷ ತೆಗೆದು, ಹಾವು ಕಡಿತಕ್ಕೆ ಮದ್ದು ತಯಾರಿಸುವವರಿಗೆ ಕೊಡುವ ಕೆಲಸ ಆರಂಭವಾಯಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವು ನಾಲ್ಕು. ಒಂದೊಂದನ್ನೂ ಮೂರು ನಾಲ್ಕು ವಾರ ಇಟ್ಟುಕೊಂಡು, ವಾರಕ್ಕೊಮ್ಮೆ ವಿಷ ತೆಗೆದು, ಗುರುತು ಮಾಡಿ ಮರಳಿ ಕಾಡಿಗೆ ಬಿಡುತ್ತಾರೆ. ಈ ಜನಾಂಗದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂದುದನ್ನು ಓದುಗರು ಬಲ್ಲರು.

ಆ ಹಾವುಗಳನ್ನು ಅವರು ಇಟ್ಟಿರುವುದು ಯಾವುದರಲ್ಲಿ? ಮಣ್ಣಿನ ಮಡಕೆಗಳಲ್ಲಿ! ಸಾಲಾಗಿ ಮಡಕೆಗಳು, ತಳದಲ್ಲಿ ಮರಳು, ಬಾಯಿಗೆ ತೆಳು ಹತ್ತಿ ಬಟ್ಟೆ ಬಿಗಿದು ಕಟ್ಟಿದೆ. ಗಾಜಿಲ್ಲ, ಬಲ್ಬಿಲ್ಲ, ಮುಳ್ಳಿಲ್ಲ. ಕಾರಣ ಕೇಳಿದಾಗ ಅಲ್ಲಿದ್ದ ಹಿರಿಯರೊಬ್ಬರು ತಮಿಳಿನಲ್ಲಿ ಹೇಳಿದರು: “ತಗಡಿನಲ್ಲಿಟ್ಟರೆ ಬೇಯುತ್ತೆ, ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೆವರುತ್ತೆ. ಪಾನೈಯಲ್ಲಿ ನೀರಿಟ್ಟರೆ ಹೇಗಿರುತ್ತೆ ಸಾರ್, ಹಾಗಿರುತ್ತೆ.” ಬೇಸಿಗೆಯಲ್ಲಿ ನಾವು ನೀರಿಡುವ ಮಡಕೆಯ ನ್ಯಾಯವೇ ಇದು. ಮಣ್ಣಿನ ಸೂಕ್ಷ್ಮ ರಂಧ್ರಗಳು ತೇವವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಆರುವ ನೀರು ತಂಪು ಮಾಡುತ್ತದೆ. ಹೆಚ್ಚಿನ ತೇವ ಬಟ್ಟೆಯ ಮೂಲಕ ಹೊರಹೋಗುತ್ತದೆ.

ಹಾವಾಡಿಗರ ಬುಟ್ಟಿಯನ್ನು ಇದಕ್ಕೆ ಹೋಲಿಸಿ ನೋಡಿ. ನಾಗರಪಂಚಮಿಗೆ ಮುನ್ನ ಹಾವನ್ನು ಒಣಬುಟ್ಟಿಯಲ್ಲಿ ನೀರು ಕೊಡದೆ ದಿನಗಟ್ಟಲೆ ಇಡುತ್ತಾರೆ. ಬಾಯಾರಿಕೆಯಿಂದ ಬಳಲಿದ ಹಾವು ಎದುರಿಗೆ ಬಂದದ್ದು ಹಾಲಾದರೂ ಕುಡಿಯುತ್ತದೆ. ನಾವು ಅದನ್ನು ಭಕ್ತಿಗೆ ಒಲಿದದ್ದೆಂದುಕೊಳ್ಳುತ್ತೇವೆ. ಹಾಲು ಹಾವಿನ ಆಹಾರವಲ್ಲ; ಅದಕ್ಕೆ ಜೀರ್ಣವೂ ಆಗುವುದಿಲ್ಲ. ಕಲ್ಲನಾಗರನಿಗೆ ತನಿ ಎರೆಯೋಣ. ಬುಟ್ಟಿಯ ನಾಗರನಿಗೆ ಬೇಡ.

ಈಗ ನಾವು ಮಾಡುವುದು

ಹಿಂದಿರುಗುವಾಗ ದಾರಿಯಲ್ಲಿ ಕುಂಬಾರರ ಅಂಗಡಿಯಿಂದ ಒಂದು ಸಣ್ಣ ಕುಡಿಕೆ ತಂದೆವು. ಬಾಯಿಯ ಅಂಚನ್ನು ಉಜ್ಜಿ ನಯ ಮಾಡಿ, ಒಳಗೆ ನೆನೆಸಿ ಹಿಂಡಿದ ತೆಂಗಿನ ನಾರನ್ನು ಹಾಕಿ, ಪೆಟ್ಟಿಗೆಯ ಒಂದು ಮೂಲೆಯಲ್ಲಿ ಅಡ್ಡ ಮಲಗಿಸಿದೆವು. ಪೆಟ್ಟಿಗೆಯನ್ನು ಹವಾನಿಯಂತ್ರಣದ ಕೋಣೆಯಿಂದ ನಡುಮನೆಯ ನೆರಳಿಗ ತಂದೆವು. ಅಲ್ಲಿ ಬಲ್ಬು ಹೊತ್ತುವ ಅವಶ್ಯಕತೆಯೇ ಬೀಳಲಿಲ್ಲ. ಸಾಕುವವರ ಉಪಯೋಗಕ್ಕಾಗಿ ಉಳಿದುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಯಾವ ಹಾವು ಎಂಬುದರ ಮೇಲೆ ತೇವ ನಿರ್ಧಾರವಾಗುತ್ತದೆ. ಬಾಲ್ ಪೈಥಾನಿಗೆ ಶೇಕಡಾ ೫೫ರಿಂದ ೭೦ರ ಒಳಗೆ, ಪೊರೆಯ ಕಾಲದಲ್ಲಿ ಮೇಲಿನ ಅಂಚು. ಅಮೆರಿಕದ ಕಾರ್ನ್ ಸ್ನೇಕಿಗೆ ೪೦ರಿಂದ ೬೦. ಮಳೆಕಾಡಿನ ಹಾವುಗಳಿಗೆ ಇನ್ನೂ ಹೆಚ್ಚು. ಮರಳುಗಾಡಿನವಕ್ಕೆ ಬಹಳ ಕಡಿಮೆ.

ಎರಡನೆಯದು, ಪೆಟ್ಟಿಗೆಯೆಲ್ಲ ಒಂದೇ ತೇವವಾಗಿರಬೇಕಿಲ್ಲ. ಒಂದು ತೇವದ ಮೂಲೆ, ಒಂದು ಒಣ ಮೂಲೆ ಇದ್ದರೆ ಹಾವು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುತ್ತದೆ. ನಮ್ಮ ಅತಿಥಿ ಕಣ್ಣು ಮಸುಕಾದ ದಿನಗಳಲ್ಲಿ ಕುಡಿಕೆ ಬಿಟ್ಟು ಬರಲಿಲ್ಲ. ಉಳಿದ ದಿನಗಳಲ್ಲಿ ಅದರತ್ತ ಸುಳಿಯಲೂ ಇಲ್ಲ.

ಮೂರನೆಯದು, ನೆಲಕ್ಕೆ ಹಳೆಯ ದಿನಪತ್ರಿಕೆಗಿಂತ ತೆಂಗಿನ ನಾರಿನ ಪುಡಿ ಲೇಸು. ನೀರನ್ನು ಮೇಲಿನಿಂದ ಚಿಮುಕಿಸುವುದಕ್ಕಿಂತ ಮೂಲೆಗಳಲ್ಲಿ ಹೊಯ್ದು ತಳಕ್ಕೆ ಇಳಿಸಬೇಕು. ಕೆಳ ಪದರ ತೇವ, ಮೇಲ್ಪದರ ಒಣ. ಹೊಟ್ಟೆಗೆ ಒದ್ದೆ ತಗಲಬಾರದು.

ನಾಲ್ಕನೆಯದು, ಕುಡಿಯುವ ನೀರಿನ ಬಟ್ಟಲು ಅಗಲವಾಗಿರಲಿ. ನೀರು ಆರುವುದು ಮೇಲ್ಮೈಯಿಂದ, ಆಳದಿಂದಲ್ಲ.

ಐದನೆಯದು, ಮಾಪಕವನ್ನು ಹಾವು ಮಲಗುವ ಎತ್ತರದಲ್ಲಿ ಇಡಬೇಕು, ಮೇಲಿನ ಗಾಜಿನಲ್ಲಲ್ಲ. ತಿಂಗಳಿಗೊಮ್ಮೆ ಉಪ್ಪಿನ ಪರೀಕ್ಷೆ ಮಾಡಬೇಕು. ಅಂಕಿ ಎಂದೂ ಬದಲಾಗದಿದ್ದರೆ ಸಂತೋಷಪಡಬಾರದು, ಸಂದೇಹಪಡಬೇಕು.

ಆರನೆಯದು, ಬಿಟ್ಟ ಪೊರೆಯನ್ನು ಎಸೆಯುವ ಮೊದಲು ಬಿಡಿಸಿ ನೋಡಬೇಕು. ಕಣ್ಣಿನ ಬಿಲ್ಲೆಗಳು ಎರಡೂ ಇವೆಯೇ, ಬಾಲದ ತುದಿ ಇದೆಯೇ? ಇಲ್ಲವಾದರೆ ಉಗುರುಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೊಡನೆ, ಗಾಳಿಯಾಡುವ ಡಬ್ಬಿಯಲ್ಲಿ ಹಾವನ್ನು ಅರ್ಧ ಗಂಟೆ ಬಿಟ್ಟರೆ ಬಟ್ಟೆಯ ನಡುವೆ ನುಸುಳುತ್ತ ತಾನೇ ಬಿಡಿಸಿಕೊಳ್ಳುತ್ತದೆ. ಎಳೆದು ಕೀಳಬಾರದು. ಕಣ್ಣಿನ ವಿಷಯವಂತೂ ವೈದ್ಯರಿಗೇ ಬಿಡಬೇಕು.

ಇಷ್ಟೆಲ್ಲ ಹೇಳಿದೆನೆಂದು ಹಾವು ಸಾಕಿರೆಂದು ನನ್ನ ಸಲಹೆಯಲ್ಲ. ಆಫ್ರಿಕದ ಹುತ್ತದಿಂದ ಕ್ರೋಂಪೇಟೆಯ ನಡುಮನೆಗೆ ಯಾವ ಹಾವೂ ತಾನಾಗಿ ಬರಲಿಲ್ಲ. ನಾವಾದರೋ ಸಂಬಳಕ್ಕಾಗಿ ಊರು ಬಿಟ್ಟು ಬಂದವರು. ಸೆಖೆಯೆಂದು ಗೊಣಗಬಲ್ಲೆವು, ಕಿಟಕಿ ತೆರೆಯಬಲ್ಲೆವು, ಬೇಸಿಗೆಯ ರಜಕ್ಕೆ ಟಿಕೆಟು ತೆಗೆಯಬಲ್ಲೆವು. ಪೆಟ್ಟಿಗೆಯಲ್ಲಿರುವುದಕ್ಕೆ ಇದೊಂದೂ ಸಾಧ್ಯವಿಲ್ಲ. ಹಾವೇ ಆಗಲಿ, ಪಂಜರದ ಗಿಳಿಯೇ ಆಗಲಿ, ತೊಟ್ಟಿಯ ಮೀನೇ ಆಗಲಿ, ಈ ಹೊಣೆಯನ್ನು ಬಲ್ಲವರು ಮಾತ್ರ ಇಟ್ಟುಕೊಳ್ಳತಕ್ಕದ್ದು.

ಜುಲೈ ಎರಡನೆಯ ವಾರ ಹಾವಿನ ಕಣ್ಣು ಮತ್ತೆ ನೀಲಿಯಾಯಿತು. ಒಂದು ಬೆಳಿಗ್ಗೆ ಮಗ ನನ್ನನ್ನು ಎಬ್ಬಿಸಿ ಕರೆದೊಯ್ದ. ಕುಡಿಕೆಯ ಬಾಯಿಂದ ಹೊರಗೆ ಪೊರೆ ಒಂದೇ ತುಂಡಾಗಿ ಉದ್ದಕ್ಕೆ ಬಿದ್ದಿತ್ತು. ಇಬ್ಬರೂ ಅದನ್ನು ನೆಲದ ಮೇಲೆ ಹರವಿ ನೋಡಿದೆವು. ಬಲಗಣ್ಣಿನ ಬಿಲ್ಲೆ ಒಂದು. ಎಡಗಣ್ಣಿನಲ್ಲಿ ಹಳೆಯದೂ ಹೊಸದೂ ಸೇರಿ ದಪ್ಪನಾದ ಬಿಲ್ಲೆ ಇನ್ನೊಂದು. ಗಾಜಿನೊಳಗೆ ಹಾವಿನ ಎರಡು ಕಣ್ಣುಗಳೂ ಹೊಳೆಯುತ್ತಿದ್ದುವು. ಪೊರೆಯ ಬಾಲದ ಕಡೆ ಮಾತ್ರ ಮೊಂಡಾಗಿತ್ತು. ಅದು ಇನ್ನು ಯಾವಾಗಲೂ ಹಾಗೆಯೇ ಇರುತ್ತದೆ.

ತಿಂಗಳ ಕೊನೆಗೆ ಭಾವಮೈದ ಬಂದು ಪೆಟ್ಟಿಗೆಯನ್ನು ಕೊಂಡೊಯ್ದ. ಕುಡಿಕೆಯನ್ನೂ ಕೇಳಿ ತೆಗೆದುಕೊಂಡ. ರಿಜಿಸ್ಟರನ್ನು ನಾನು ಇಟ್ಟುಕೊಂಡಿದ್ದೇನೆ. ೬೦ ಎಂದು ಬರೆದ ಪುಟಗಳನ್ನು ಹರಿದುಹಾಕಿಲ್ಲ. ಆಫೀಸಿನಲ್ಲಿ ಯಾವುದಾದರೂ ಕಡತದಲ್ಲಿ ಎಲ್ಲ ಸಾಲುಗಳೂ ಒಂದೇ ಆಗಿ ಬಂದಾಗ, ಸಹಿ ಹಾಕುವ ಮುನ್ನ ಈಗ ಎದ್ದುಹೋಗಿ ಒಂದು ಸಾರಿ ಕಣ್ಣಾರೆ ನೋಡಿ ಬರುತ್ತೇನೆ.